ಕುಂಬಳಕಾಯಿ ಪಾಸ್ತಾ: ಶೆಫ್ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು 4ರಿಂದ 6. ವಿಷಯ, ಸಿಹಿಗುಂಬಳದ ಸಾಸ್ ಹಾಕಿದ ವೆಜ್ ಪಾಸ್ತಾ. ಬೆಂಗಳೂರಿನ ಹೋಟೆಲೊಂದರಲ್ಲಿ ಇಟಾಲಿಯನ್ ಅಡುಗೆ ನೋಡಿಕೊಳ್ಳೋ ನಮ್ಮ ಶೆಫ್ ಉತ್ತರಿಸ್ತಾರೆ. ಹೆಸರಿನ ಬದಲು ಊರು ಹಾಕಿ. ಫಾರ್ವರ್ಡ್ ಬೇಡ.

ತುಮಕೂರು: ಸಾರ್ ನಮಸ್ತೆ. ನನ್ನ ಸಾಸ್ ಯಾವಾಗ್ಲೂ ನೀರು ನೀರು. ಪಾಸ್ತಾ ಒಂದ್ ಕಡೆ, ಸಾಸ್ ಒಂದ್ ಕಡೆ.

ಶೆಫ್: ನಮಸ್ತೆ. ಕುಕ್ಕರಲ್ಲಿ ಕೂಗಿಸ್ತೀರಿ ಅನ್ಸುತ್ತೆ. ಬೇಡ. ಅರ್ಧ ಕೆಜಿ ಹೋಳನ್ನ ದಪ್ಪ ತಳದ ಬಾಣಲೇಲಿ ಎರಡು ಚಮಚ ಎಣ್ಣೆಗೆ ಹಾಕಿ, ಅಂಚು ಕಂದು ಆಗೋವರೆಗೆ ಹುರೀರಿ. ಆಮೇಲೆ ಮುಚ್ಚಿ ಮೆತ್ತಗಾಗಿಸಿ ರುಬ್ಬಿ. 200 ಗ್ರಾಂ ಪಾಸ್ತಾಗೆ 2 ಲೀಟರ್ ನೀರು, 20 ಗ್ರಾಂ ಉಪ್ಪು. ಪ್ಯಾಕೆಟ್ ಮೇಲಿರೋ ಸಮಯಕ್ಕಿಂತ 2 ನಿಮಿಷ ಮೊದಲೇ ತೆಗೆದು ಸಾಸಲ್ಲೇ ಬೇಯಿಸಿ. ಬಸಿಯೋ ಮುಂಚೆ ಒಂದು ಲೋಟ ಗಂಜಿನೀರು ಎತ್ತಿಡಿ, ಸಾಸನ್ನ ಪಾಸ್ತಾಗೆ ಅಂಟಿಸೋದೇ ಅದು. ಇಟಲಿಯ ಮಾಂಟುವಾದಲ್ಲಿ ಕುಂಬಳ ತುಂಬಿದ ತೊರ್ತೆಲ್ಲಿ ಅನ್ನೋ ಕಡುಬಿನಂಥ ಪಾಸ್ತಾ ಮಾಡ್ತಾರೆ. ಅದರ ಹೂರಣಕ್ಕೆ ಸಾಸಿವೆ ಘಾಟಿನ ಹಣ್ಣಿನ ಮೊಸ್ತಾರ್ದಾ, ಜಾಯಿಕಾಯಿ ಎಲ್ಲ ಬೀಳುತ್ತೆ. ಬರೀ ಸಿಹಿ ಇದ್ರೆ ನಾಲ್ಕನೇ ತುತ್ತಿಗೆ ಸಾಕಾಗುತ್ತೆ ನೋಡಿ, ಅದಕ್ಕೆ. ನೀವು ಒಂದು ಚಿಟಿಕೆ ಜಾಯಿಕಾಯಿ, ಕಾಳುಮೆಣಸು, ಇಳಿಸಿದ ಮೇಲೆ ಸ್ವಲ್ಪ ನಿಂಬೆ ಹಾಕಿ.

ಮಂಗಳೂರು: ಕ್ರೀಮ್ ಇಲ್ಲದೆ ಆಗ್ತದಾ?

ಶೆಫ್: ಆಗುತ್ತೆ. ಗಂಜಿನೀರು, ಒಂದು ಚಮಚ ಬೆಣ್ಣೆ.

ಮೈಸೂರು: ಪಾರ್ಮೆಸಾನ್ ಹಾಕಬಹುದಲ್ವಾ?

ಶೆಫ್: ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಅಲ್ಲಿನ ನಿಯಮವೇ ಹಾಗೆ. ಸಸ್ಯಾಹಾರಿಗಳು ಹಸಿರು ಚುಕ್ಕಿ ಇರೋ ಚೀಸ್ ನೋಡಿ ತಗೊಳ್ಳಿ.

ಮೈಸೂರು: ಅಯ್ಯೋ ರಾಮ! ಹತ್ತು ವರ್ಷದಿಂದ ತಿಂತಿದೀನಿ.

ಧಾರವಾಡ: ತಿಂದಿದ್ದು ತಿಂದಾತು, ಇನ್ನೇನ್ ಮಾಡ್ತೀರಿ ಬಿಡ್ರಿ.

ಹಾಸನ: ಶೆಫ್ ಅಣ್ಣಾ, ಅರ್ಜೆಂಟ್. ತಿಪ್ಪೆ ಪಕ್ಕ ತಾನಾಗೇ ಹುಟ್ಟಿದ ಬಳ್ಳೀಲಿ ಬಿಟ್ಟ ಚೀನಿಕಾಯಿ, ಅದೇ ಸಿಹಿಗುಂಬಳ. ಸಾಸ್ ಮಾಡಿದೆ, ಕಹಿ. ಬೆಲ್ಲ ಹಾಕಿದೆ, ಕ್ರೀಮ್ ಹಾಕಿದೆ, ಹೋಗ್ತಿಲ್ಲ. ಏಳು ಗಂಟೆಗೆ ನೆಂಟರು ಬರ್ತಾರೆ. ಕಹಿ ತೆಗೆಯೋದು ಹೇಗೆ?

ಶೆಫ್: ತೆಗೆಯೋಕಾಗಲ್ಲ. ಸ್ಟವ್ ಆರಿಸಿ. ಯಾರಾದ್ರೂ ತಿಂದ್ರಾ?

ಬಳ್ಳಾರಿ: ಮೇಡಂ, ತೊಟ್ಟಿನ ಕಡೆ ತುಂಡು ಕತ್ತರಿಸಿ ಗಸಗಸ ಉಜ್ಜಿ, ನೊರೆ ಬಂದು ಕಹಿ ಪೂರ್ತಿ ಹೋಗುತ್ತೆ. ಮಜ್ಜಿಗೇಲಿ ನೆನೆಸಿದ್ರೂ ಆಯ್ತು. ನಮ್ಮ ಗ್ರೂಪಲ್ಲಿ ಬಂದಿತ್ತು.

ಮೈಸೂರು: ಕಹಿ ಇದ್ರೆ ಶುಗರ್‌ಗೆ ಒಳ್ಳೇದು. ಹಾಗಲಕಾಯಿ ತಿನ್ನಲ್ವಾ?

ಶೆಫ್: ದಯವಿಟ್ಟು ಇಬ್ಬರೂ ಸುಮ್ಮನಿರಿ. ಹಾಸನದ ಅಕ್ಕ, ಪೂರ್ತಿ ಓದಿ. ಸೋರೆ, ಸೌತೆ, ಕುಂಬಳ, ಈ ಜಾತಿ ಬಳ್ಳಿಗಳು ಹುಳು ಬರದಿರಲಿ ಅಂತ ಕುಕುರ್ಬಿಟಾಸಿನ್ ಅನ್ನೋ ಕಹಿ ವಿಷ ಮಾಡ್ಕೊಳ್ತವೆ. ನಾವು ತಿನ್ನೋ ತಳಿಗಳಲ್ಲಿ ಜನ ಆರಿಸಿ ಆರಿಸಿ ಅದನ್ನ ಕಳೆದಿದ್ದಾರೆ. ಕಾಡುಬಳ್ಳಿಯದೋ ಅಲಂಕಾರದ ಕುಂಬಳದ್ದೋ ಪರಾಗ ಬಿದ್ದ ಬೀಜ ಮೊಳೆತರೆ ಅದು ವಾಪಸ್ ಬರಬಹುದು. ತಿಪ್ಪೆಯ ಬಳ್ಳಿ ಅಂದಕೂಡ್ಲೇ ನನಗೆ ಗಾಬರಿ ಆಗಿದ್ದು ಅದಕ್ಕೇ. ಬೇಯಿಸಿದ್ರೂ ಹೋಗಲ್ಲ. ಬೆಲ್ಲ ನಾಲಿಗೆಗೆ ಮೋಸ ಮಾಡುತ್ತೆ, ಹೊಟ್ಟೆಗಲ್ಲ. ಜಾಸ್ತಿ ತಿನ್ನಿಸುತ್ತೆ, ಅದು ಇನ್ನೂ ಅಪಾಯ. ವಾಂತಿ, ಭೇದಿ, ಹೊಟ್ಟೆನೋವು ಬರುತ್ತೆ, ಕೆಲವರಿಗೆ ರಕ್ತ ಹೋಗುತ್ತೆ, ಬಿಪಿ ಬೀಳುತ್ತೆ. ನಮ್ಮ ದೇಶದಲ್ಲೇ ಕಹಿ ಸೋರೆಕಾಯಿ ಜ್ಯೂಸ್ ಕುಡಿದು ಜನ ಸತ್ತಿದ್ದಾರೆ. ಫ್ರಾನ್ಸಲ್ಲಿ ಕಹಿ ಕುಂಬಳದ ಸೂಪ್ ಕುಡಿದ ಹೆಂಗಸಿಗೆ ಮೊದಲು ವಾಂತಿ, ಆಮೇಲೆ ತಲೆಕೂದಲು ಉದುರಿದ್ದು 2018ರಲ್ಲಿ ವೈದ್ಯಪತ್ರಿಕೆಯಲ್ಲೇ ಬಂತು. ಅಡುಗೆಮನೇಲಿ ನಮ್ಮ ಹುಡುಗರಿಗೆ ನಾನು ಕಲಿಸೋದು ಇಷ್ಟೇ: ಕುಂಬಳ ಹೆಚ್ಚಿದ ತಕ್ಷಣ ಹಸಿ ಚೂರು ನಾಲಿಗೆ ತುದಿಗೆ ಮುಟ್ಟಿಸು, ಕಹಿ ಇದ್ರೆ ಉಗುಳು, ಇಡೀ ಕಾಯಿ ಎಸಿ. ಮತ್ತೆ ಕೇಳ್ತೀನಿ, ಯಾರು ತಿಂದ್ರು?

ಬಳ್ಳಾರಿ: ಸೌತೆಕಾಯಿಗೆ ನಮ್ಮಜ್ಜಿ ಕಾಲದಿಂದ ಮಾಡ್ತಿದೀವಿ ಸಾರ್, ಯಾರೂ ಸತ್ತಿಲ್ಲ.

ಶೆಫ್: ಉಜ್ಜಿದ್ರೆ ನೊರೆ ಬರುತ್ತೆ. ಕಾಯಿಯ ಒಳಗಿರೋ ಕಹಿ ಒಳಗೇ ಇರುತ್ತೆ. ಹಾಗಲದ ಕಹಿ ಅದರ ಹುಟ್ಟುಗುಣ, ತಲೆಮಾರುಗಳಿಂದ ತಿಂದು ಅರಗಿಸ್ಕೊಂಡಿರೋದು. ಕುಂಬಳ ಕಹಿ ಆಯ್ತು ಅಂದ್ರೆ ಏನೋ ಕೆಟ್ಟಿದೆ ಅಂತ. ಆ ಫಾರ್ವರ್ಡ್ ಡಿಲೀಟ್ ಮಾಡಿ, ಇನ್ನೊಬ್ಬರಿಗೆ ಕಳಿಸಬೇಡಿ.

ಶಿವಮೊಗ್ಗ: ಇಡೀ ಕುಂಬಳ ಹೆಂಗಸರು ಒಡೀಬಾರ್ದು. ಅದನ್ನ ಯಾರೂ ಹೇಳ್ತಿಲ್ಲ.

ಮಂಗಳೂರು: ನಮ್ಮಲ್ಲಿ ಗಂಡಸರು ಮನೆಗೆ ಬರುವಾಗ ರಾತ್ರಿ ಒಂಬತ್ತು. ಅಲ್ಲಿವರೆಗೆ ಪಾಸ್ತಾ ಕಾಯ್ಬೇಕಾ?

ಶಿವಮೊಗ್ಗ: ವೇದಕಾಲದಿಂದ ಬಂದ ಪದ್ಧತಿ, ನಗಾಡ್ಬೇಡಿ.

ಧಾರವಾಡ: ಬೂದುಗುಂಬಳಕ್ಕ ಹಂಗಂದ್ರ ಕೇಳಬಹುದು. ಸಿಹಿಗುಂಬಳ ಅಮೆರಿಕಾ ಖಂಡದ್ದು, ಟೊಮೆಟೊ, ಮೆಣಸಿನಕಾಯಿ ಹಂಗ ಕೊಲಂಬಸ್ ಆದಮ್ಯಾಲೆ ಬಂದದ್ದು. ಇಟಲಿಗೂ ಆವಾಗೇ ಹೋಗೇದ. ಯಾವ ವೇದದಾಗ ಐತಿ?

ಶಿವಮೊಗ್ಗ: ಓದಿದೋರೆಲ್ಲ ಹಿಂಗೇ.

ಧಾರವಾಡ: ಓದದೇ ಇದ್ದೋರು ಹಂಗೇ.

ಅಡ್ಮಿನ್: ಇಬ್ಬರೂ ವಿಷಯಕ್ಕೆ ಬನ್ನಿ.

ಡಬ್ಲಿನ್: ಇಲ್ಲಿ ಬಟರ್‌ನಟ್ ಸ್ಕ್ವಾಷ್ ಸಿಗುತ್ತೆ, ನಡೆಯುತ್ತಾ? ಮತ್ತೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡೋದು ಹೇಗೆ?

ತುಮಕೂರು: ಸಾರ್, ಪಾಸ್ತಾ ಬೇಯೋ ನೀರಿಗೆ ಎಣ್ಣೆ?

ಶೆಫ್: ಬೇಡ. ಸಾಸ್ ಜಾರಿಹೋಗುತ್ತೆ.

ಬಳ್ಳಾರಿ: ಪಾಸ್ತಾ ಮೈದಾ, ಕರುಳಿಗೆ ಅಂಟ್ಕೊಳುತ್ತೆ ಅಂತ ಡಾಕ್ಟರೇ ವಿಡಿಯೋದಲ್ಲಿ ಹೇಳಿದಾರೆ. ಕಳಿಸ್ಲಾ?

ಶೆಫ್: ಕಳಿಸಬೇಡಿ. ಒಣ ಪಾಸ್ತಾ ಡ್ಯೂರಮ್ ಗೋಧಿ ರವೆಯದ್ದು, ಪ್ಯಾಕೆಟ್ ಹಿಂದೆ ಬರೆದಿರುತ್ತೆ. ಮೈದಾದ್ದೂ ಬರುತ್ತೆ, ಬೇಗ ಮುದ್ದೆ ಆಗುತ್ತೆ, ಅಷ್ಟೇ. ಕರುಳಿಗೆ ಏನೂ ಅಂಟಲ್ಲ.

ದಾವಣಗೆರೆ: ಕ್ರೀಮ್ ಬದಲು ಏನ್ ಹಾಕ್ಬಹುದು ಸಾರ್?

ಶೆಫ್: ಮೇಲೆ ಇದೆ.

ಹಾಸನ: ಅಣ್ಣಾ, ಈಗ ನೋಡಿದೆ. ನಮ್ಮತ್ತೆ ಎರಡು ಚಮಚ ರುಚಿ ನೋಡಿದ್ರು. ನಾನೂ ಒಂದು. ಮಗು ತಿಂದಿಲ್ಲ.

ಶೆಫ್: ಎಷ್ಟು ಹೊತ್ತಾಯ್ತು? ಅತ್ತೆಗೆ ವಯಸ್ಸೆಷ್ಟು? ವಾಂತಿ, ಹೊಟ್ಟೆ ತೊಳಸೋದು, ತಲೆಸುತ್ತು, ಏನಾದ್ರೂ ಇದ್ರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಕಾಯಿಯ ತುಂಡು ಕವರಲ್ಲಿ ಹಾಕ್ಕೊಂಡು ಹೋಗಿ. ನಾನು ಅಡುಗೆಯವನು, ಡಾಕ್ಟರಲ್ಲ.

ಮೈಸೂರು: ಒಂದು ಲೋಟ ಜೀರಿಗೆ ಕಷಾಯ ಕೊಡಿ, ಎಲ್ಲ ಸರಿಹೋಗುತ್ತೆ.

ಶೆಫ್: ಏನೂ ಕೊಡಬೇಡಿ ಅಕ್ಕ. ಮೈಸೂರಿನವರೇ, ನಿಮಗೆ ಎಷ್ಟು ಸಲ ಹೇಳೋದು?

ಮೈಸೂರು: ಒಳ್ಳೇದು ಹೇಳಿದ್ರೆ ಹಿಂಗೆ ಬೈತೀರಲ್ಲ. ದೊಡ್ಡ ಹೋಟೆಲಿನವರು ಅಂತ ಅಹಂಕಾರ.

ದಾವಣಗೆರೆ: ಮೇಲೆ ಅಂದ್ರೆ ಎಲ್ಲಿ ಸಾರ್? ಸಿಗ್ತಿಲ್ಲ.

ಹಾಸನ: ಒಂದೂವರೆ ಗಂಟೆ ಆಯ್ತು ಅಣ್ಣಾ. ಅವರಿಗೆ 68. ಹೊಟ್ಟೆ ತೊಳಸ್ತಿದೆ ಅಂತಿದಾರೆ. ಆಟೋ ಕರೆಸಿದೀವಿ, ಹೊರಟ್ವಿ. ನೆಂಟರಿಗೆ ಉಪ್ಪಿಟ್ಟು ಅಂದೆ. ಉಳಿದ ಕಾಯಿ ದನಕ್ಕೆ ಹಾಕಬಹುದಾ?

ಶೆಫ್: ದನಕ್ಕೂ ಬೇಡ. ಗುಂಡಿ ತೋಡಿ ಹೂಳಿ, ಬಳ್ಳೀನೂ ಕಿತ್ತುಬಿಡಿ. ಡಾಕ್ಟರ್ ಏನಂದ್ರು ಅಂತ ಇಲ್ಲೇ ತಿಳಿಸಿ. ಆರು ಗಂಟೆ ಆದ್ರೂ ನಾನು ಇರ್ತೀನಿ.