ಹಕ್ಕಿಯ ಎದೆ ಒತ್ತಬೇಡಿ

ಮಗಳೇ, ಬೇಲಿಯ ಮೇಲೆ ನೀಲಿ ಬಣ್ಣದ ಪುಟ್ಟ ಗಿಳಿಯೊಂದು ಬಂದು ಕುಳಿತಿದೆ, ಕಾಗೆಗಳು ಸುತ್ತುತ್ತಿವೆ, ಹೂಕುಂಡಗಳ ನಡುವೆ ಮೋಟು ಬಾಲದ ಪಿಕಳಾರದ ಮರಿಯೂ ಕುಪ್ಪಳಿಸುತ್ತಿದೆ, ಎರಡನ್ನೂ ಟವೆಲ್ ಹಾಕಿ ಹಿಡಿದುಬಿಡಲೇ ಎಂದು ನೀನು ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ಗಾಬರಿಯಿಂದ ಕೇಳಿದ್ದನ್ನು ಈಗ ತಾನೇ ನೋಡಿದೆ. ಇಷ್ಟೆಲ್ಲ ಬರೆಯಲು ನನ್ನ ಕಣ್ಣು ಸಾಲದು, ಆದ್ದರಿಂದ ಮಾತನಾಡಿ ಕಳುಹಿಸುತ್ತಿದ್ದೇನೆ. ಉದ್ದವಾಯಿತೆಂದು ಮಧ್ಯದಲ್ಲಿ ನಿಲ್ಲಿಸಬೇಡ.

ನೀನು ಕಳುಹಿಸಿದ ಫೋಟೊದಲ್ಲಿ ಆ ನೀಲಿ ಗಿಳಿಯ ಕತ್ತಿನ ಹಿಂದೆ ಕಪ್ಪು ಗೆರೆಗಳು ಕಾಣುತ್ತಿವೆ, ಹಾಗಾಗಿ ಅದು ಲವ್ ಬರ್ಡ್ಸ್ ಎಂದು ಮಾರುವ ಬಡ್ಜಿಯೇ. ಆಸ್ಟ್ರೇಲಿಯಾದ ಬಯಲಿನಲ್ಲಿ ಹಿಂಡುಗಟ್ಟಿ ಹಾರುವ ಕಾಡಿನ ಬಡ್ಜಿಗಳು ಹಸಿರು ಮತ್ತು ಹಳದಿ; ನೀಲಿಯದು, ಬಿಳಿಯದು ಮನುಷ್ಯರು ಪಂಜರದಲ್ಲಿ ಬೆಳೆಸಿದ ತಳಿ. ಯಾರದೋ ಮನೆಯಿಂದ ಹಾರಿ ಬಂದಿದೆ, ಅನುಮಾನ ಬೇಡ. ಆದರೆ ಯಾರೂ ಅದನ್ನು ಮುಷ್ಟಿಯಲ್ಲಿ ಹಿಡಿದು ಎದೆ ಒತ್ತಬಾರದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಚಿಕ್ಕಪ್ಪನ ಕೈ ಎಂಥದೆಂದು ನಿಮಗೆಲ್ಲ ಗೊತ್ತೇ ಇದೆ, ಬಾಟಲಿಯ ಮುಚ್ಚಳ ತಿರುಗಿಸಿದರೆ ಬಾಟಲಿಯೇ ಬಿರುಕು ಬಿಡಬೇಕು. ನಾವು ಹಳೆಯ ಮನೆಯಲ್ಲಿದ್ದಾಗ ಇದೇ ರೀತಿ ಹಳದಿ ಬಡ್ಜಿಯೊಂದು ಬಟ್ಟೆ ಒಣಗಿಸುವ ತಂತಿಯ ಮೇಲೆ ಬಂದು ಕುಳಿತಿತ್ತು. ಕೆಳಗೆ ಬೆಕ್ಕು ಹೊಂಚು ಹಾಕಿತ್ತು, ನಿಜ. ಆತ ಹಿಂದಿನಿಂದ ಹೋಗಿ ಒದ್ದೆ ಟವೆಲ್ ಎಸೆದು ಹಿಡಿದ, ಹಾರಿಹೋಗಬಾರದೆಂದು ಎರಡೂ ಕೈಯಲ್ಲಿ ಬಿಗಿಯಾಗಿ ಅದುಮಿಕೊಂಡು, ಬೆಕ್ಕಿನ ಬಾಯಿಂದ ಬಿಡಿಸಿದೆನೆಂದು ಕೂಗುತ್ತಾ ಒಳಗೆ ಬಂದ. ಮಕ್ಕಳು ಪೆಟ್ಟಿಗೆ ಹುಡುಕಿ ತರುವಷ್ಟರಲ್ಲಿ ಅದು ಕೊಕ್ಕು ತೆರೆದು ತೆರೆದು ಮುಚ್ಚುತ್ತಿತ್ತು, ಉಸಿರು ಉಸಿರಿಗೂ ಬಾಲದ ತುದಿ ಮೇಲೆ ಕೆಳಗೆ ಆಡುತ್ತಿತ್ತು, ಆಮೇಲೆ ಕತ್ತು ಆತನ ಹೆಬ್ಬೆರಳ ಮೇಲೆ ವಾಲಿತು. ಹಕ್ಕಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ಸ್ನಾಯುವಿನ ಪರದೆ, ಇಲ್ಲ, ಅದರ ಶ್ವಾಸಕೋಶ ಹಿಗ್ಗುವುದೂ ಇಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಗಾಳಿಚೀಲಗಳಿಗೆ ಗಾಳಿ ಹೋಗಿ ಬರುತ್ತದೆ. ಮೂಗು ಬಾಯಿ ತೆರೆದೇ ಇದ್ದರೂ ಎದೆಯನ್ನು ಒತ್ತಿ ಹಿಡಿದರೆ ಆ ಮೂವತ್ತು ನಲವತ್ತು ಗ್ರಾಂ ಜೀವ ಉಸಿರುಗಟ್ಟಿ ಹೋಗುತ್ತದೆ. ಮತ್ತೆ ಹೇಳುತ್ತೇನೆ, ಎದೆ ಒತ್ತಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ.

ಆ ಹಕ್ಕಿ ಹೆದರಿ ಸತ್ತಿತೆಂದೇ ಆತ ಇವತ್ತಿಗೂ ಎಲ್ಲರ ಮುಂದೆ ಹೇಳುವುದು, ನೀವೆಲ್ಲರೂ ತಲೆಯಾಡಿಸುವುದು. ದಿನವೂ ಹಿತ್ತಲಿನ ಹಕ್ಕಿಗಳಿಗೆ ನೀರಿಡುತ್ತಿದ್ದವಳು ನಾನು, ಯಾವ ಮರಿ ಯಾವ ಗೂಡಿನದೆಂದು ಬಲ್ಲವಳು ನಾನು. ಒಂದು ಮಾತು ಕೇಳಿದವರು ಯಾರಾದರೂ ಇದ್ದರೇ? ಮರುದಿನ ಹಿಂದಿನ ಬೀದಿಯ ಹುಡುಗನೊಬ್ಬ ಹಳದಿ ಹಕ್ಕಿಯ ಫೋಟೊ ಹಿಡಿದು ಗೇಟಿನ ಬಳಿ ನಿಂತಾಗ ಮಾತ್ರ ಎಲ್ಲರಿಗೂ ನನ್ನ ನೆನಪಾಯಿತು. ನಿಮ್ಮ ಚಿಕ್ಕಪ್ಪ ಸ್ನಾನದ ಮನೆಯಿಂದ ಹೊರಗೇ ಬರಲಿಲ್ಲ, ಹುಡುಗನಿಗೆ ಉತ್ತರ ಹೇಳಿದವಳು ನಾನು. ಈ ಗುಂಪಿನಲ್ಲಿ ಆತನೂ ಇದ್ದಾನೆ, ಕೇಳಿಸಿಕೊಳ್ಳಲಿ.

ಇರಲಿ, ನೀನು ಕೇಳಿದ್ದನ್ನೇ ಮರೆತೆ. ಪಿಕಳಾರದ ಮರಿ ತಪ್ಪಿಸಿಕೊಂಡದ್ದಲ್ಲ, ಹಾರಲು ಕಲಿಯುತ್ತಿದೆ. ತಾಯಿ ತಂದೆ ಹತ್ತಿರದಲ್ಲೇ ಹುಳ ಹಿಡಿದು ಕಾಯುತ್ತಿರುತ್ತವೆ, ನೀವು ದೂರ ಸರಿದರೆ ಬಂದು ತಿನ್ನಿಸುತ್ತವೆ. ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿಹಾಕಿ ಅದನ್ನು ಅದರ ಪಾಡಿಗೆ ಬಿಡು, ತೀರಾ ಬಯಲಿನಲ್ಲಿದ್ದರೆ ಪೊದೆಯ ಬುಡಕ್ಕೆ ಸರಿಸಿದರೆ ಸಾಕು.

ಬಡ್ಜಿಗೆ ಪೊದೆ ಸಾಲದು, ಪಂಜರದಲ್ಲಿ ಬೆಳೆದದ್ದಕ್ಕೆ ಹೊರಗೆ ಆಹಾರ ಹುಡುಕಲು ಬರುವುದಿಲ್ಲ. ಅದಕ್ಕೆ ಕಾಣುವಷ್ಟು ಹತ್ತಿರ, ನೆರಳಿನಲ್ಲಿ, ಬಾಗಿಲು ತೆರೆದ ಪಂಜರವಿಡು. ಒಳಗೆ ನವಣೆ ಮತ್ತು ನೀರು ಇರಲಿ. ಫೋನಿನಲ್ಲಿ ಬಡ್ಜಿಗಳ ಕೂಗನ್ನು ಮೆಲ್ಲಗೆ ಹಾಕಿ ದೂರ ಕುಳಿತುಕೋ. ಕಾಗೆ ಹತ್ತಿರ ಬಂದರೆ ಎದ್ದು ನಿಲ್ಲು, ಕಲ್ಲು ಎಸೆಯಬೇಡ, ಕಾಗೆಗಿಂತ ಮೊದಲು ಬಡ್ಜಿಯೇ ಹಾರಿಹೋಗುತ್ತದೆ. ಕತ್ತಲಾಗುವವರೆಗೂ ಒಳಗೆ ಹೋಗದಿದ್ದರೆ ಎಲ್ಲಿ ಕೂರುತ್ತದೆಂದು ನೋಡಿಕೊಂಡಿರು, ಕತ್ತಲಲ್ಲಿ ಅದಕ್ಕೆ ಕಣ್ಣು ಸರಿಯಾಗಿ ಕಾಣದು. ಆಗ ಒಣಗಿದ ತೆಳು ಬಟ್ಟೆಯನ್ನು ಮೇಲಿನಿಂದ ಹೊದಿಸಿ, ತೋರುಬೆರಳು ಮತ್ತು ನಡುಬೆರಳ ನಡುವೆ ಕತ್ತು ಬರುವಂತೆ, ಅಂಗೈ ಬೆನ್ನಿಗೆ ತಾಗುವಂತೆ, ಎದೆ ಬಿಡುವಾಗಿರುವಂತೆ ಎತ್ತು. ಬೆಕ್ಕು ಸ್ವಲ್ಪ ಪರಚಿದ್ದರೂ, ಗಾಯ ಕಾಣದಿದ್ದರೂ, ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು, ಏಕೆಂದರೆ ಬೆಕ್ಕಿನ ಜೊಲ್ಲಿನ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಬೇಗ ಕೊಲ್ಲುತ್ತದೆ.

ಹಿಡಿದ ಮೇಲೆ ಕಾಲಿನಲ್ಲಿ ಉಂಗುರವಿದೆಯೇ ನೋಡು, ಅಕ್ಷರ ಅಂಕಿಗಳಿದ್ದರೆ ಬರೆದಿಟ್ಟುಕೋ. ನೆರೆಹೊರೆಯವರಿಗೆ ಹಕ್ಕಿ ಸಿಕ್ಕಿದೆಯೆಂದು ತಿಳಿಸು, ಆದರೆ ಉಂಗುರದ ಸಂಖ್ಯೆಯನ್ನೂ ಕೊಕ್ಕಿನ ಮೇಲ್ಭಾಗದ ಬಣ್ಣವನ್ನೂ ಯಾರಿಗೂ ಹೇಳಬೇಡ, ನನ್ನದೆಂದು ಬಂದವರೇ ಮೊದಲು ಹೇಳಲಿ.