‘ಫಾಲ್ಸ್’ ಅಂದರೆ ಪ್ರತಿ ಸಲವೂ ‘ಸುಳ್ಳು’ ತಾನಾ?

ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ಫಾಲ್ಸ್’ ಪದಕ್ಕೆ ನೀವು ಕನ್ನಡದಲ್ಲಿ ಏನು ಬರೆಯುತ್ತೀರಿ? ‘ಸುಳ್ಳು’ ಅಂತ ತಟ್ಟನೆ ಬಾಯಿಗೆ ಬರುತ್ತದೆ, ಅಲ್ವಾ? ನಾನು ವಿಜಯಪುರದಲ್ಲಿ ಕೋರ್ಟು, ಬ್ಯಾಂಕು, ಆಸ್ಪತ್ರೆಗಳ ಕಾಗದಪತ್ರ ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಈ ಪದ ದಿನಾ ಎದುರಾಗುತ್ತದೆ. ದಿನಾ ‘ಸುಳ್ಳು’ ಅಂತ ಬರೆದು ಮುಂದೆ ಹೋಗಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ನಿಮ್ಮ ಅಭಿಪ್ರಾಯ ಬೇಕು.

ಕನ್ನಡದ ‘ಸುಳ್ಳು’ ಪದದ ಬೆನ್ನಿಗೆ ಒಬ್ಬ ಮನುಷ್ಯ ಇರುತ್ತಾನೆ. ಯಾರೋ ಹೇಳಿದ್ದಾರೆ, ಗೊತ್ತಿದ್ದೂ ಹೇಳಿದ್ದಾರೆ, ಇನ್ನೊಬ್ಬರನ್ನು ನಂಬಿಸಲು ಹೇಳಿದ್ದಾರೆ. ಇಷ್ಟೂ ಆ ಒಂದು ಪದದೊಳಗೆ ಕೂತಿದೆ. ‘ಸುಳ್ಳ ಐತಿ’ ಅಂದ ಕೂಡಲೇ ‘ಯಾರ್ ಹೇಳಿದ್ರು?’ ಅಂತ ಕೇಳುತ್ತೇವೆ. ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವುದು ‘ಲೈ’ ಪದ. ‘ಫಾಲ್ಸ್’ ಹಾಗಲ್ಲ. ಹೇಳಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಅದು ಬಹಳ ಸಲ ಕೇಳುವುದೇ ಇಲ್ಲ. ಮಾತು ನಿಜದ ಜೊತೆ ಹೊಂದಲಿಲ್ಲ ಅಂದರೆ ಸಾಕು, ಅದು ‘ಫಾಲ್ಸ್’.

ಪದದ ಬೇರು ನೋಡಿದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. ‘ಲೈ’ ಇಂಗ್ಲಿಷಿನ ಸ್ವಂತ ಹಳೆಯ ಪದ. ಜರ್ಮನ್, ಡಚ್ ಭಾಷೆಗಳಲ್ಲಿ ಅದರ ಅಕ್ಕತಂಗಿಯರು ಇವತ್ತಿಗೂ ಇದ್ದಾರೆ. ‘ಫಾಲ್ಸ್’ ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ ‘ಫಾಲೆರೆ’ ಅಂದರೆ ಮೋಸಗೊಳಿಸುವುದು, ದಾರಿ ತಪ್ಪಿಸುವುದು. ಅದರಿಂದ ಹುಟ್ಟಿದ ‘ಫಾಲ್ಸುಸ್’ ಪದಕ್ಕೆ ಮೋಸದ್ದು ಅನ್ನುವ ಅರ್ಥವೂ ಇತ್ತು, ಮೋಸಹೋದ, ತಪ್ಪು ತಿಳಿದ ಅನ್ನುವ ಅರ್ಥವೂ ಇತ್ತು. ಮೋಸ ಮಾಡಿದವನಿಗೂ ಮೋಸ ಹೋದವನಿಗೂ ಒಂದೇ ಪದ! ಇಂಗ್ಲಿಷಿನ ‘ಫೇಲ್’, ‘ಫಾಲ್ಟ್’, ‘ಫ್ಯಾಲಸಿ’ ಎಲ್ಲ ಅದೇ ಬೇರಿನವು. ಅವುಗಳಲ್ಲಿ ತಪ್ಪು ಇದೆ, ಸೋಲು ಇದೆ, ಆದರೆ ಸುಳ್ಳುಗಾರ ಇರಲೇಬೇಕು ಅಂತಿಲ್ಲ.

ಇದು ಪಂಡಿತರಿಗಷ್ಟೇ ಬೇಕಾದ ಮಾತಲ್ಲ. ಇಂಡಿ ಕಡೆಯ ಒಬ್ಬ ಅಜ್ಜಿ ಪಿಂಚಣಿಗೆ ಸಂಬಂಧಿಸಿದ ಒಂದು ನೋಟಿಸು ಹಿಡಿದು ನನ್ನ ಹತ್ತಿರ ಬಂದಿದ್ದರು. ಎರಡು ದಾಖಲೆಗಳಲ್ಲಿ ಅವರ ವಯಸ್ಸು ಬೇರೆ ಬೇರೆ ಇತ್ತು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಹಿರಿಯರಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ. ಬರೆದುಕೊಳ್ಳುವವರು ಅಂದಾಜಿನಲ್ಲಿ ಒಂದು ವರ್ಷ ಹಿಡಿದು ಜನವರಿ 1 ಅಂತ ಹಾಕಿರುತ್ತಾರೆ. ನಮ್ಮೂರ ಕಡೆ ಅರ್ಧ ಓಣಿ ಜನವರಿ 1ಕ್ಕೇ ಹುಟ್ಟಿದ್ದು. ಆ ನೋಟಿಸಿನಲ್ಲಿ ಇದ್ದದ್ದು ‘ತಾವು ಸುಳ್ಳು ಮಾಹಿತಿ ನೀಡಿರುತ್ತೀರಿ’ ಅಂತ. ಜೊತೆಗಿದ್ದ ಇಂಗ್ಲಿಷ್ ಪ್ರತಿಯಲ್ಲಿ ‘ಫಾಲ್ಸ್’ ಅಂತ ಇತ್ತು. ಮೊಮ್ಮಗ ಓದಿ ಹೇಳಿದ್ದನಂತೆ. ಅಜ್ಜಿ ಹಣದ ಮಾತು ಆಮೇಲೆ ತೆಗೆದರು. ಮೊದಲು ಕೇಳಿದ್ದು ಇದು: ‘ನಾ ಯಾರಿಗಿ ಸುಳ್ಳ ಹೇಳೀನಿ ತಮ್ಮಾ? ಅವ್ರು ಕೇಳಿದ್ರು, ನನಗ ತಿಳದಷ್ಟು ಹೇಳಿದ್ನಿ. ವರ್ಸಾ ಅವ್ರ ಬರಕೊಂಡ್ರು.’

ಆ ನೋಟಿಸಿನಲ್ಲಿ ‘ದಾಖಲೆಗಳಲ್ಲಿರುವ ಮಾಹಿತಿ ತಾಳೆಯಾಗುತ್ತಿಲ್ಲ’ ಅಂತ ಬರೆದಿದ್ದರೆ ಸಾಕಿತ್ತು. ಕಾನೂನಿನ ತೂಕ ಒಂದಿಷ್ಟೂ ಕಡಿಮೆ ಆಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಹೆಣ್ಣುಮಗಳನ್ನು ಸುಳ್ಳುಗಾರ್ತಿ ಅಂತ ಕರೆದಂತೆಯೂ ಆಗುತ್ತಿರಲಿಲ್ಲ.

ಕಾನೂನೇ ಈ ವ್ಯತ್ಯಾಸವನ್ನು ಎಷ್ಟು ಚೆನ್ನಾಗಿ ಕಾಪಾಡಿದೆ ನೋಡಿ. 1860ರ ಭಾರತೀಯ ದಂಡ ಸಂಹಿತೆಯ 191ನೇ ಕಲಂ ಸುಳ್ಳು ಸಾಕ್ಷ್ಯದ ಬಗ್ಗೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 227ನೇ ಕಲಂ ಆಗಿದೆ. ಹೇಳಿಕೆ ‘ಫಾಲ್ಸ್’ ಆಗಿದ್ದರೆ ಮಾತ್ರ ಸಾಲದು. ಹೇಳಿದವನಿಗೆ ಅದು ಗೊತ್ತಿರಬೇಕು, ಇಲ್ಲವೇ ಅದು ನಿಜವಲ್ಲ ಅಂತ ಅವನು ನಂಬಿರಬೇಕು, ಅಥವಾ ಕೊನೆಗೆ ನಿಜ ಅನ್ನುವ ನಂಬಿಕೆಯಾದರೂ ಅವನಿಗೆ ಇಲ್ಲದಿರಬೇಕು. ಅಂದರೆ ‘ಫಾಲ್ಸ್’ ಪದವೊಂದೇ ಮನುಷ್ಯನ ಮೇಲೆ ತಪ್ಪು ಹೊರಿಸುವುದಿಲ್ಲ ಅಂತ ಕಾನೂನು ಬರೆದವರಿಗೆ ಗೊತ್ತಿತ್ತು. ಅದಕ್ಕೇ ಉಳಿದದ್ದನ್ನು ಬಿಡಿಸಿ ಬರೆದರು.

ಆ ಕಲಮಿನ ಕೆಳಗೆ ಕೊಟ್ಟ ಉದಾಹರಣೆಗಳಲ್ಲಿ ಎರಡು ನನಗೆ ಬಹಳ ಇಷ್ಟ. ಒಬ್ಬನಿಗೆ ಇನ್ನೊಬ್ಬನ ಕೈಬರಹದ ಪರಿಚಯ ಇದೆ. ಒಂದು ಸಹಿ ನೋಡಿ ‘ಇದು ಅವನದೇ ಅಂತ ನನ್ನ ನಂಬಿಕೆ’ ಅನ್ನುತ್ತಾನೆ. ಪ್ರಾಮಾಣಿಕವಾಗಿಯೇ ಹಾಗೆ ನಂಬಿದ್ದಾನೆ. ಆಮೇಲೆ ನೋಡಿದರೆ ಸಹಿ ಅವನದಲ್ಲ. ಇವನು ಸುಳ್ಳು ಸಾಕ್ಷ್ಯ ಹೇಳಿದಂತೆ ಆಗುವುದಿಲ್ಲ. ಇನ್ನೊಬ್ಬ, ಪ್ರಮಾಣ ಮಾಡಿ, ಇಂಥ ದಿನ ಇಂಥವನು ಇಂಥ ಊರಲ್ಲಿದ್ದ, ನನಗೆ ಗೊತ್ತು ಅನ್ನುತ್ತಾನೆ. ಅವನಿಗೆ ಆ ವಿಷಯ ಏನೂ ಗೊತ್ತಿಲ್ಲ. ಆ ಮನುಷ್ಯ ನಿಜವಾಗಿಯೂ ಅಲ್ಲಿ ಇದ್ದಿರಬಹುದು. ಆದರೂ ಇವನು ಹೇಳಿದ್ದು ಸುಳ್ಳು ಸಾಕ್ಷ್ಯವೇ!

ಮೊದಲನೆಯ ಮಾತು ನಿಜವಲ್ಲ, ಆದರೆ ಸುಳ್ಳೂ ಅಲ್ಲ. ಎರಡನೆಯದು ನಿಜವಾಗಿದ್ದರೂ ಸುಳ್ಳೇ. ಇಲ್ಲಿ ನಮ್ಮ ‘ಸುಳ್ಳು ಸಾಕ್ಷಿ’ ಸರಿಯಾಗಿ ಕೂರುತ್ತದೆ. ನ್ಯಾಯಾಲಯದ ವಿಚಾರಣೆಯಲ್ಲಿ ಇದಕ್ಕೆ 7 ವರ್ಷದವರೆಗೆ ಜೈಲು ಇದೆ. ಅಷ್ಟು ದೊಡ್ಡ ಶಿಕ್ಷೆಗೆ ಅಷ್ಟು ಭಾರದ ಪದವೇ ಬೇಕು. ಅದನ್ನೇ ಪಿಂಚಣಿ ನೋಟಿಸಿಗೂ ತಂದು ಇಡುವುದು ನನಗೆ ಒಪ್ಪಿಗೆ ಇಲ್ಲ.

ಪೊಲೀಸ್ ಕಾಗದಗಳಲ್ಲಿಯೂ ಇದೇ ತೊಡಕು. ಬೆಳಗಾವಿ, ವಿಜಯಪುರ, ಬಾಗಲಕೋಟೆ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದವು. ಮುಂಬಯಿ ಪದ್ಧತಿಯಲ್ಲಿ ತನಿಖೆ ಮುಗಿಸುವಾಗ ಎ, ಬಿ, ಸಿ ಅಂತ ಮೂರು ಬಗೆಯ ಸಮರಿ, ಅಂದರೆ ತನಿಖೆಯ ಕೊನೆಯ ವರದಿ, ಬರೆಯುತ್ತಾರೆ. ಎ ಅಂದರೆ ಅಪರಾಧ ನಡೆದದ್ದು ನಿಜ, ಮಾಡಿದವರು ಸಿಗಲಿಲ್ಲ. ಬಿ ಅಂದರೆ ದುರುದ್ದೇಶದಿಂದ ಕೊಟ್ಟ ‘ಫಾಲ್ಸ್’ ದೂರು. ಸಿ ಅಂದರೆ ನಿಜವೂ ಅಲ್ಲ, ಸುಳ್ಳೂ ಅಲ್ಲ: ತಿಳಿವಳಿಕೆಯ ತಪ್ಪು, ಅಥವಾ ಸಿವಿಲ್ ವ್ಯಾಜ್ಯ. ಬರೀ ‘ಫಾಲ್ಸ್’ ಅಂದರೆ ಸಾಲದು ಅಂತ ಅಲ್ಲಿಯೂ ‘ದುರುದ್ದೇಶದಿಂದ’ ಅಂತ ಸೇರಿಸಬೇಕಾಯಿತು. ಇವತ್ತು ಕರ್ನಾಟಕದಲ್ಲಿ ‘ಬಿ ರಿಪೋರ್ಟ್’ ಅನ್ನುವಾಗ ಪುರಾವೆ ಸಾಲದೆ ಮುಗಿಸಿದ ಪ್ರಕರಣವೂ ಅದರಲ್ಲಿ ಬರುತ್ತದೆ. ಆದರೆ ಊರಲ್ಲಿ ಮಾತು ಹೇಗೆ ಹಬ್ಬುತ್ತದೆ? ‘ಬಿ ರಿಪೋರ್ಟ್ ಹಾಕ್ಯಾರಂತ, ಕೇಸ್ ಸುಳ್ಳ ಇತ್ತಂತ’ ಅಂತ. ದೂರು ಕೊಟ್ಟ ಹೆಣ್ಣುಮಗಳು ತಲೆ ಎತ್ತಿ ಓಣಿಯಲ್ಲಿ ಓಡಾಡುವುದು ಕಷ್ಟ ಆಗುತ್ತದೆ. ‘ಸಾಬೀತಾಗಲಿಲ್ಲ’ ಅನ್ನುವುದಕ್ಕೂ ‘ಸುಳ್ಳು’ ಅನ್ನುವುದಕ್ಕೂ ನಡುವೆ ಇರುವ ದೂರವನ್ನು ಬರೆಯುವವರು ಕಾಪಾಡದಿದ್ದರೆ ಓಣಿಯ ಜನ ಎಲ್ಲಿಂದ ಕಾಪಾಡಬೇಕು?

ಆಸ್ಪತ್ರೆಯ ‘ಫಾಲ್ಸ್ ಪಾಸಿಟಿವ್’, ‘ಫಾಲ್ಸ್ ನೆಗೆಟಿವ್’ ಬಗ್ಗೆ. ರೋಗ ಇಲ್ಲದವರಿಗೆ ಇದೆ ಅಂತ ಬರುವುದು, ಇದ್ದವರಿಗೆ ಇಲ್ಲ ಅಂತ ಬರುವುದು. ಕೊರೊನಾ ಕಾಲದಲ್ಲಿ ಲಕ್ಷಣ ಇದ್ದೂ ರ‍್ಯಾಪಿಡ್ ಪರೀಕ್ಷೆಯಲ್ಲಿ ನೆಗೆಟಿವ್ ಬಂದವರಿಗೆ ಆರ್‌ಟಿಪಿಸಿಆರ್ ಮಾಡಿಸಿ ಅಂತ ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ‘ಸುಳ್ಳು ನೆಗೆಟಿವ್’ ಅಂತ ಬರೆದರೆ ಲ್ಯಾಬಿನವರು ಬೇಕಂತಲೇ ಸುಳ್ಳು ರಿಪೋರ್ಟ್ ಕೊಟ್ಟರು ಅಂತ ಓದುಗರು ತಿಳಿಯುತ್ತಾರೆ. ನಾನು ‘ಹುಸಿ ನೆಗೆಟಿವ್’ ಅಂತ ಬರೆಯುತ್ತಿದ್ದೇನೆ.

ಈ ‘ಹುಸಿ’ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡಬೇಕು. ಹಳಗನ್ನಡದ ‘ಪುಸಿ’ ನಡುಗನ್ನಡಕ್ಕೆ ಬರುವಾಗ ‘ಹುಸಿ’ ಆಯಿತು, ‘ಪಾಲು’ ‘ಹಾಲು’ ಆದ ದಾರಿಯಲ್ಲೇ. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿ, ಪಕ್ಕದ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ‘ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ’ ಅಂದರು. 12ನೇ ಶತಮಾನದ ಆ ಮಾತಿನಲ್ಲಿ ‘ಹುಸಿ’ ಅಂದರೆ ನೇರವಾಗಿ ಇವತ್ತಿನ ‘ಸುಳ್ಳು’. ನುಡಿಯುವವನು ಇದ್ದಾನೆ, ನುಡಿಯಬೇಡ ಅಂತ ಅವನಿಗೆ ಹೇಳಿದ್ದಾರೆ. ಆದರೆ ಈಗ ಮನೆಯಲ್ಲಿ ಮಗುವಿಗೆ ‘ಹುಸಿ ನುಡಿಯಬೇಡ’ ಅಂತ ಯಾರೂ ಅನ್ನುವುದಿಲ್ಲ. ‘ಸುಳ್ಳ ಹೇಳಬ್ಯಾಡ’ ಅನ್ನುತ್ತೇವೆ. ‘ಹುಸಿ’ ಮೆಲ್ಲಗೆ ಮನುಷ್ಯನನ್ನು ಬಿಟ್ಟು ವಸ್ತುವಿನ ಕಡೆ, ಆಗುಹೋಗುಗಳ ಕಡೆ ಸರಿದಿದೆ. ಹುಸಿನಗೆ, ಹುಸಿಮುನಿಸು ಅಂತೀವಿ. ಅವುಗಳಲ್ಲಿ ದ್ರೋಹ ಇಲ್ಲ, ಪ್ರೀತಿಯೇ ಜಾಸ್ತಿ. ನಿರೀಕ್ಷೆ ಹುಸಿಯಾಯಿತು, ಭವಿಷ್ಯ ಹುಸಿಯಾಯಿತು ಅಂತೀವಿ. ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಪತ್ರಿಕೆಗಳು ‘ಹುಸಿ ಬಾಂಬ್ ಕರೆ’ ಅಂತ ಬರೆಯುತ್ತವೆ. ಅಲ್ಲಿ ಕರೆ ಮಾಡಿದವನು ಸುಳ್ಳು ಹೇಳಿದ್ದಾನೆ, ನಿಜ. ಆದರೂ ಪದ ಹೇಳುವುದು ಬಾಂಬ್ ಇರಲಿಲ್ಲ ಅನ್ನುವುದನ್ನು. ಇಂಗ್ಲಿಷಿನ ‘ಫಾಲ್ಸ್’ ಪದದ ಅಗಲಕ್ಕೆ ಕನ್ನಡದಲ್ಲಿ ಬಹಳ ಹತ್ತಿರ ಬರುವ ಪದ ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ.

‘ಹುಸಿ’ ಹಳೆಯದು, ಜನರಿಗೆ ಅರ್ಥ ಆಗುವುದಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಂಬ್ ಕರೆಯ ಸುದ್ದಿ ಓದುವಾಗ ಯಾರಿಗೂ ನಿಘಂಟು ಬೇಕಾಗಿಲ್ಲ.

ಇನ್ನು ‘ಖೊಟ್ಟಿ’. ಬೆಳಗಾವಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮರಾಠಿಯ ‘ಖೋಟಾ’, ‘ಖೋಟೀ’ ಜೊತೆ ಓಡಾಡುವ ಪದ. ಖೊಟ್ಟಿ ಸಹಿ, ಖೊಟ್ಟಿ ಉತಾರ (ಆಸ್ತಿ ದಾಖಲೆಯ ಪ್ರತಿ), ಖೊಟ್ಟಿ ದಾಖಲೆ, ಖೊಟ್ಟಿ ನಾಣ್ಯ. ಕೈಯಿಂದ ತಯಾರಿಸಿ ಅಸಲಿಯಂತೆ ತೋರಿಸಿದ ವಸ್ತುವಿಗೆ ಮಾತ್ರ ಇದು ಸಲ್ಲುತ್ತದೆ. ‘ಫಾಲ್ಸ್ ಡಾಕ್ಯುಮೆಂಟ್’ ಅಂತ ಬಂದಾಗ ‘ಸುಳ್ಳು ದಾಖಲೆ’ ಅಂತ ಬರೆದರೆ ಅಸಲಿ ಕಾಗದದೊಳಗೆ ಸುಳ್ಳು ಬರೆದಿದ್ದಾರೋ, ಕಾಗದವೇ ನಕಲಿಯೋ ಗೊತ್ತಾಗುವುದಿಲ್ಲ. ‘ಖೊಟ್ಟಿ ದಾಖಲೆ’ ಅಂದರೆ ಒಂದೇ ಪದದಲ್ಲಿ ಮುಗಿಯಿತು. ಇದನ್ನು ಬರೀ ಆಡುಮಾತು ಅಂತ ಬದಿಗಿಡಬೇಡಿ. ನಮ್ಮ ಕಡೆಯ ವಕೀಲರೂ ಬಾಂಡ್ ಬರೆಯುವವರೂ ದಿನಾ ಬಳಸುವ ಪದ ಇದು.

ಮೋಸದ ಸುಳಿವೇ ಇಲ್ಲದ ‘ಫಾಲ್ಸ್’ ಕೂಡ ಉಂಟು. ನಮ್ಮ ಪಕ್ಕೆಲುಬು 12 ಜೊತೆ. ಮೇಲಿನ 7 ಜೊತೆ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಕೆಳಗಿನ 5 ಜೊತೆ ಹಾಗೆ ಸೇರುವುದಿಲ್ಲ, ಅವಕ್ಕೆ ಇಂಗ್ಲಿಷಿನಲ್ಲಿ ‘ಫಾಲ್ಸ್ ರಿಬ್ಸ್’ ಅಂತಾರೆ. ‘ಸುಳ್ಳು ಪಕ್ಕೆಲುಬು’ ಅಂತ ಓದಿದ ಮಕ್ಕಳು ಏನು ತಿಳಿಯಬೇಕು? ‘ಫಾಲ್ಸ್ ಟೀತ್’ ವಿಷಯದಲ್ಲಿ ಜನ ತಾವೇ ದಾರಿ ಕಂಡುಕೊಂಡಿದ್ದಾರೆ: ಕಟ್ಟಿಸಿದ ಹಲ್ಲು, ಹಲ್ಲಿನ ಸೆಟ್. ಕೂದಲಿಗೆ ಚೌರಿ. ‘ಫಾಲ್ಸ್ ಸೀಲಿಂಗ್’ ಹಾಗೇ ಉಳಿಯಲಿ, ಅದನ್ನು ಮುಟ್ಟುವುದು ಬೇಡ.

ಗೋಳಗುಮ್ಮಟಕ್ಕೆ ಬಂದವರು ಗುಮ್ಮಟದ ಕೆಳಗೆ ಕಟ್ಟೆಯ ಮೇಲಿರುವ ಗೋರಿಗಳನ್ನು ನೋಡಿರುತ್ತೀರಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನನ್ನು ಮಣ್ಣು ಮಾಡಿದ್ದು ಅಲ್ಲಿ ಅಲ್ಲ, ಅದರ ಕೆಳಗಿನ ನೆಲಮಾಳಿಗೆಯಲ್ಲಿ. ಮೇಲೆ ಕಾಣುವುದು ಗುರುತಿಗೆ ಕಟ್ಟಿದ್ದು. ಇಂಗ್ಲಿಷಿನ ಪ್ರವಾಸಿ ಬರಹಗಳಲ್ಲಿ ‘ಫಾಲ್ಸ್ ಟೂಂಬ್’ ಅಂತ ಕಾಣುತ್ತದೆ. ಕನ್ನಡದಲ್ಲಿ ‘ನಕಲಿ ಗೋರಿ’ ಅಂದರೆ ಯಾರೋ ಮೋಸ ಮಾಡಿದಂತೆ ಕೇಳಿಸುತ್ತದೆ, ಗೌರವವೂ ಉಳಿಯುವುದಿಲ್ಲ. ‘ಮೇಲ್ಗೋರಿ’ ಅಂದರೆ ಹೇಗೆ? ಕೆಳಗಿನದು ಒಳಗೋರಿ. ಕೇಳಿದವರಿಗೆ ಕಟ್ಟಡದ ರಚನೆಯೂ ಗೊತ್ತಾಗುತ್ತದೆ.

ಎಲ್ಲ ಕಡೆ ‘ಫಾಲ್ಸ್’ ಅಂತಲೇ ಬರೆದರಾಯಿತು ಅಂತ ಕೆಲವರು ಹೇಳುತ್ತಾರೆ. ನಮ್ಮ ಭಾಗದಲ್ಲಿ ಅದೂ ನಡೆಯುವುದಿಲ್ಲ. ಬೆಳಗಾವಿ ಜಿಲ್ಲೆಯವರಿಗೆ ‘ಫಾಲ್ಸ್’ ಅಂದರೆ ಘಟಪ್ರಭೆ 52 ಮೀಟರ್ ಕೆಳಗೆ ಧುಮ್ಮಿಕ್ಕುವ ಗೋಕಾಕ ಫಾಲ್ಸ್. ಇಳಕಲ್ ಸೀರೆ ಉಡುವವರಿಗೆ ಸೀರೆಯ ಅಂಚಿಗೆ ಹಚ್ಚುವ ಬಟ್ಟೆ. ಕನ್ನಡ ಅಕ್ಷರದಲ್ಲಿ ಮೂರೂ ಒಂದೇ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಎರಡು ಬಳಕೆಗಳನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ‘ಸುಳ್ಳ’ ಅಂದರೆ ಸುಮ್ನೆ, ಕಾರಣ ಇಲ್ಲದೆ ಅನ್ನುವ ಅರ್ಥವೂ ಇದೆ. ‘ಸುಳ್ಳ ಯಾಕ ಅವಂಗ ಬೈತಿ?’ ಅಂದಾಗ ಅಲ್ಲಿ ಯಾರೂ ಸುಳ್ಳು ಹೇಳಿಲ್ಲ. ಹಾಗೇ ಬಸುರಿಗೆ ದಿನ ತುಂಬುವ ಮೊದಲು ಬಂದು ಹೋಗುವ ನೋವಿಗೆ ‘ಸುಳ್ಳ ಬ್ಯಾನಿ’ ಅನ್ನುವುದುಂಟು. ಇಂಗ್ಲಿಷಿನಲ್ಲಿಯೂ ಅದು ‘ಫಾಲ್ಸ್ ಪೇನ್’. ಅಂದರೆ ‘ಸುಳ್ಳು’ ಪದಕ್ಕೂ ಹೇಳುವವರಿಲ್ಲದೆ ನಿಲ್ಲುವ ಶಕ್ತಿ ಇದೆ. ಆದರೆ ಇವು ಮನೆಯ ಮಾತು. ಮೊಹರು ಹಾಕಿದ ಕಾಗದದಲ್ಲಿ ‘ನೀವು’ ಅನ್ನುವುದರ ಪಕ್ಕ ‘ಸುಳ್ಳು’ ಬಂದು ಕೂತರೆ ಈ ಮೃದುವಾದ ಅರ್ಥ ಯಾರ ಕಿವಿಗೂ ಬೀಳುವುದಿಲ್ಲ.

ಈಗ ನನ್ನ ಪ್ರಶ್ನೆಗಳು. ಅರ್ಜಿಗಳ ಕೊನೆಯಲ್ಲಿ ಬರುವ ‘ಮೇಲಿನ ಮಾಹಿತಿ ಸುಳ್ಳೆಂದು ಕಂಡುಬಂದಲ್ಲಿ’ ಅನ್ನುವ ಸಾಲನ್ನು ‘ಮೇಲಿನ ಮಾಹಿತಿ ತಪ್ಪೆಂದು ಕಂಡುಬಂದಲ್ಲಿ ತಿದ್ದಿಕೊಡುತ್ತೇನೆ, ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಕ್ರಮಕ್ಕೆ ಒಳಪಡುತ್ತೇನೆ’ ಅಂತ ಒಡೆದು ಬರೆಯುವುದಕ್ಕೆ ಕಾನೂನು ಬಲ್ಲವರು ಏನು ಹೇಳುತ್ತೀರಿ? ‘ಹುಸಿ ಪಾಸಿಟಿವ್’ ಅಂತ ಬರೆದು ರೋಗಿಗಳಿಗೆ ಕೊಟ್ಟ ವೈದ್ಯರು ಯಾರಾದರೂ ಇದ್ದರೆ, ರೋಗಿಗಳು ಅದನ್ನು ಹೇಗೆ ಅರ್ಥ ಮಾಡಿಕೊಂಡರು? ಮತ್ತೆ ‘ಫಾಲ್ಸ್ ರಿಬ್ಸ್’ ಪದಕ್ಕೆ ನಿಮ್ಮೂರ ನಾಟಿ ವೈದ್ಯರು, ಇಲ್ಲವೇ ಮೂಳೆ ಕಟ್ಟುವವರು ಬಳಸುವ ಹೆಸರು ಇದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ.