ಅಪ್ಪ ಹೊಗೆಸೊಪ್ಪು ಬೆಳೆಯುವುದನ್ನು ಬಿಡುವುದು ಹೇಗೆ? ಬಿಟ್ಟವರು ಇದ್ದರೆ ದಯವಿಟ್ಟು ಹೇಳಿ

ಹುಣಸೂರಿನ ನರ್ಸ್ ಕೇಳಿದ್ದು:

ನಾನು ಹುಣಸೂರು ತಾಲ್ಲೂಕಿನ ಹಳ್ಳಿಯವಳು. ಆರೋಗ್ಯ ಉಪಕೇಂದ್ರದಲ್ಲಿ ಕೆಲಸ. ಪ್ರತಿ ವರ್ಷ ಮೇ 31ರಂದು ಡೇರಿ ಮುಂದೆ ಜನ ಸೇರಿಸಿ, ತಂಬಾಕು ಬಿಡಿ ಅಂತ ಹೇಳುತ್ತೇನೆ. ಅದೇ ವಾರ ನಮ್ಮ ಹೊಲದಲ್ಲಿ ಅಪ್ಪ ಹೊಗೆಸೊಪ್ಪಿನ ಸಸಿ ನೆಡಿಸುತ್ತಿರುತ್ತಾರೆ. ನಾನು ಓದಿದ್ದೂ ಆ ದುಡ್ಡಲ್ಲೇ.

ಒದ್ದೆ ಸೊಪ್ಪು ಮುರಿದು ಬಂದ ದಿನ ಅಮ್ಮನಿಗೆ ತಲೆಸುತ್ತು, ವಾಂತಿ. ಎಷ್ಟೋ ವರ್ಷ ಅದನ್ನು ಪಿತ್ತ ಅಂದುಕೊಂಡಿದ್ದೆವು. ನರ್ಸಿಂಗ್ ಓದುವಾಗ ಗೊತ್ತಾಯಿತು, ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಕೈಗವಸು ತಂದುಕೊಟ್ಟೆ. ಹತ್ತು ಸಾಲು ಮುರಿಯುವಷ್ಟರಲ್ಲಿ ಬೆವರು ಅಂತ ತೆಗೆದುಬಿಡುತ್ತಾರೆ. ಆಮೇಲೆ ಬ್ಯಾರನ್ ಕೆಲಸ, ಅಂದರೆ ಬೆಂಕಿಯ ಕಾವಲ್ಲಿ ಸೊಪ್ಪು ಒಣಗಿಸುವ ಮನೆಯದು. ಒಂದು ಸಲ ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು. ಅಪ್ಪ ಒಲೆ ಬಾಯಿಯ ಹತ್ತಿರವೇ ಮಲಗುತ್ತಾರೆ. ಸುಡುವ ಸೌದೆ ನೋಡಿದರೆ ಹೊಟ್ಟೆ ಉರಿಯುತ್ತದೆ.

ತಂಬಾಕಿನ ಕಾಯಿಲೆ ಮತ್ತು ಸಾವುಗಳಿಂದ 2017-18ರಲ್ಲಿ ದೇಶಕ್ಕೆ ಆದ ನಷ್ಟ ಸುಮಾರು 1.77 ಲಕ್ಷ ಕೋಟಿ ರೂಪಾಯಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿದೆ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಒಳಗೆ ಹೋಗಿ ಪಾಸ್‌ಬುಕ್ ತಂದರು. "ಆ ನಷ್ಟ ಇದರಲ್ಲಿ ಎಲ್ಲೂ ಬರೆದಿಲ್ಲ ಮಗಳೇ. ಹರಾಜಿನ ದುಡ್ಡು ಬಂದಿರೋದು ಮಾತ್ರ ಬರೆದಿದೆ" ಅಂದರು.

ಅವರ ಮಾತನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಶುಂಠಿ ಹಾಕಿದರೆ ಒಂದು ವರ್ಷ ಚಿನ್ನ, ಮರುವರ್ಷ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಹೊಗೆಸೊಪ್ಪಿಗಾದರೆ 1984ರಿಂದ ತಂಬಾಕು ಮಂಡಳಿಯ ಹರಾಜು ಇದೆ. ಮಂಡಳಿಯ ಬೆಳೆಗಾರರ ಕಾರ್ಡ್ ಇದ್ದರೆ ಬ್ಯಾಂಕ್ ಸಾಲ ಕೊಡುತ್ತದೆ, ಬೇಲ್ (ಒಣ ಸೊಪ್ಪಿನ ಕಟ್ಟು) ಮಾರಿದ ಮೇಲೆ ಮುರಿದುಕೊಳ್ಳುತ್ತದೆ. ನಮ್ಮ ಸರ್ಕಾರ 2004ರಲ್ಲೇ ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಸೇರಿದೆ. ಬೆಳೆಗಾರರಿಗೂ ಕೂಲಿಯವರಿಗೂ ಬೇರೆ ದಾರಿ ಮಾಡಿಕೊಡಬೇಕು ಅಂತ ಅದರ 17ನೇ ವಿಧಿಯಲ್ಲಿದೆ. ಆ ದಾರಿ ಇನ್ನೂ ನಮ್ಮ ಹೊಲದ ತನಕ ಬಂದಿಲ್ಲ. ನಿಜವಾಗಲೂ ಬಿಟ್ಟವರು ಯಾರಾದರೂ ಇದ್ದೀರಾ? ಏನು ಬೆಳೆದಿರಿ? ಮೊದಲ ಎರಡು ವರ್ಷ ಮನೆ ಹೇಗೆ ನಡೆಯಿತು?

ಬಂಟ್ವಾಳದ ಮಗಳು:

ಸಿಸ್ಟರ್, ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಸಂಜೆ ಲೆಕ್ಕ ಸಾವಿರಕ್ಕೆ ಇಷ್ಟು ಅಂತ. ಈಗ ಅವರಿಗೆ ರಾತ್ರಿ ಕೆಮ್ಮು, ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಬೀಡಿಯ ಮೇಲೆ ಹಿಂದೆ ಒಂದು ಸೆಸ್ ಇತ್ತು. ಆ ಹಣ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗುತ್ತಿತ್ತು. ನನ್ನ ಪಿಯುಸಿ ಪುಸ್ತಕಗಳು ಅದೇ ನಿಧಿಯ ವಿದ್ಯಾರ್ಥಿವೇತನದಲ್ಲಿ ಬಂದವು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಬೀಡಿ, ಸಿಗರೇಟಿನ ತೆರಿಗೆ ಏರಲಿ, ನನಗೆ ಖುಷಿಯೇ. ಅದರಲ್ಲಿ ಒಂದು ಪಾಲು ಕಟ್ಟುವವರಿಗೆ, ಬೆಳೆಯುವವರಿಗೆ ಅಂತಲೇ ಎತ್ತಿಡಬೇಕು. ನಾನು ಈಗ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಮ್ಮನ ಮೊರ ನಿಂತಿದ್ದು ನನಗೆ ಸಂಬಳ ಬಂದ ಮೇಲೆ, ಯಾವ ಭಾಷಣದಿಂದಲೂ ಅಲ್ಲ.

ಲಿಲಾಂಗ್ವೆಯಿಂದ ಮರಳಿದವ:

ಮೂರು ವರ್ಷ ಆಫ್ರಿಕಾದ ಮಲಾವಿಯಲ್ಲಿದ್ದೆ. ಅಲ್ಲಿ ಹೊಗೆಸೊಪ್ಪನ್ನು 'ಹಸಿರು ಚಿನ್ನ' ಅನ್ನುತ್ತಾರೆ. ದೇಶದ ರಫ್ತಿನಲ್ಲಿ ದೊಡ್ಡ ಪಾಲು ಅದೇ. ಹರಾಜಿನ ತಿಂಗಳುಗಳಲ್ಲಿ ಡಾಲರ್ ಬರುತ್ತದೆ, ಆ ಡಾಲರ್ ಮುಗಿದ ಮೇಲೆ ಬಂಕ್‌ನಲ್ಲಿ ಪೆಟ್ರೋಲ್‌ಗೆ ಸಾಲು. ನೀವು ಹೇಳಿದ ಒಪ್ಪಂದಕ್ಕೆ ಆ ದೇಶ ಸೇರಿದ್ದೇ 2023ರಲ್ಲಿ. ಮೈಸೂರು ಕಡೆಯ ಸೊಪ್ಪೂ ಜಾಸ್ತಿ ಹೋಗುವುದು ಹೊರದೇಶಕ್ಕೇ ಅಲ್ವಾ? ಇಲ್ಲಿ ಪ್ಯಾಕೆಟ್ ಮೇಲಿನ ಎಚ್ಚರಿಕೆ ಚಿತ್ರವನ್ನು 2016ರಲ್ಲಿ ಶೇ 85ಕ್ಕೆ ಹಿಗ್ಗಿಸಿದ್ದು ಒಳ್ಳೆಯದೇ. ಆದರೆ ನಿಮ್ಮ ತಂದೆಯ ಬೇಲ್ ಕೊಳ್ಳುವವನಿಗೆ ಅದರಿಂದ ಏನೂ ಆಗುವುದಿಲ್ಲ. ಸೇದುವವರನ್ನು ಬಿಡಿಸುವುದು ಒಂದು ಕೆಲಸ, ಬೆಳೆಯುವವರನ್ನು ಬಿಡಿಸುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ದುಡ್ಡು ಬೇಕು.

ಪಿರಿಯಾಪಟ್ಟಣದ ರೈತ:

ತಂಗಿ, ನಾನು ಬಿಟ್ಟೆ. ಏಳು ವರ್ಷ ಆಯಿತು. ಎರಡು ಎಕರೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕಿದೆ. ಯಾಕೆ ಅದೇ ಅಂದರೆ, ಹೊಗೆಸೊಪ್ಪಿನ ಹಾಗೆ ರೇಷ್ಮೆ ಗೂಡಿಗೂ ಸರ್ಕಾರಿ ಮಾರುಕಟ್ಟೆ ಇದೆ, ಹರಾಜು ಇದೆ. ರಾಮನಗರಕ್ಕೆ ಹೋದರೆ ಅವತ್ತಿನ ರೇಟು ಕಣ್ಣೆದುರಿಗೇ ಗೊತ್ತಾಗುತ್ತದೆ. ದರ ಏರುತ್ತೆ, ಇಳಿಯುತ್ತೆ. ಆದರೆ ವರ್ಷಕ್ಕೆ ಒಂದೇ ಸಲ ಅಲ್ಲ, ನಾಲ್ಕೈದು ಸಲ ದುಡ್ಡು ಕಾಣುತ್ತೇನೆ. ಬೋರ್‌ವೆಲ್‌ನಲ್ಲಿ ನೀರಿರಬೇಕು, ಅದು ಮೊದಲ ಮಾತು. ಮೊದಲ ವರ್ಷ ಎರಡು ಹಸು ನಮ್ಮನ್ನು ಕಾಪಾಡಿದವು.

ಒಂದು ವಿಷಯ ಯಾರೂ ನನಗೆ ಮೊದಲೇ ಹೇಳಲಿಲ್ಲ. ಪಕ್ಕದ ಹೊಲದಲ್ಲಿ ಹೊಗೆಸೊಪ್ಪಿದ್ದರೆ ಅದರ ನಿಕೋಟಿನ್ ನಮ್ಮ ಸೊಪ್ಪಿಗೂ ತಾಗುತ್ತದೆ. ಅದನ್ನು ತಿಂದ ಹುಳು ಕಕ್ಕಿ ಸಾಯುತ್ತದೆ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಹುಳು ಒಂದು ಬೆಳೆಯಷ್ಟು ಪೂರ್ತಿ ಹೋಯಿತು. ಹೆಂಡತಿ ಮೂರು ದಿನ ಊಟ ಮಾಡಲಿಲ್ಲ. ಆಮೇಲೆ ಪಕ್ಕದವರ ಜೊತೆ ಕೂತು ಮಾತಾಡಿ, ನನ್ನ ಬದುವಿನ ಕಡೆ ಅವರು ಜೋಳ ಹಾಕುವಂತೆ ಒಪ್ಪಿಸಿದೆ. ಅವರಿಗಾಗುವ ನಷ್ಟಕ್ಕೆ ವರ್ಷಕ್ಕೆ ಸ್ವಲ್ಪ ನಾನೇ ಕೊಟ್ಟೆ. ಈಗ ಅವರೂ ಹುಳು ಸಾಕುತ್ತಾರೆ. ಒಬ್ಬೊಬ್ಬರೇ ಬಿಡುವುದು ಕಷ್ಟ ತಂಗಿ. ಹತ್ತು ಮನೆ ಒಟ್ಟಿಗೆ ಬಿಟ್ಟರೆ ಆಗುತ್ತದೆ. ಸರ್ಕಾರ ಸಹಾಯ ಕೊಡುವುದಾದರೆ ಹಾಗೆ ಸೇರಿಸಿ ಕೊಡಲಿ.

ಹುಣಸೂರಿನ ನರ್ಸ್:

ಅಣ್ಣ, ಹುಳುವಿನ ಮಾತು ಅಪ್ಪನಿಗೆ ಓದಿ ಹೇಳಿದೆ. ಅಮ್ಮ ಒಳಗಿಂದ, "ಹುಳಕ್ಕೂ ನನ್ನ ಥರಾನೇ ಆಯ್ತಾ" ಅಂದರು. ಅಪ್ಪ ಸುಮ್ನೆ ಕೂತಿದ್ದರು. ಆಮೇಲೆ ನಮ್ಮ ಹೊಲದ ಸುತ್ತ ಯಾರ ಯಾರ ಬದು ಬರುತ್ತದೆ ಅಂತ ಬೆರಳಲ್ಲಿ ಎಣಿಸಿದರು. ಐದು ಮನೆ. ಅದರಲ್ಲಿ ಇಬ್ಬರಿಗೆ ಬೋರ್ ಇದೆ. ಈ ಭಾನುವಾರ ಅಪ್ಪ, ಅಮ್ಮ, ಆ ಇಬ್ಬರನ್ನೂ ಕರೆದುಕೊಂಡು ನಿಮ್ಮ ಹುಳು ಮನೆ ನೋಡಲು ಬರಬಹುದಾ? ನಾಟಿಗೆ ಇನ್ನೂ ಎರಡು ತಿಂಗಳಿದೆ.